ಜೀನ್ ಮುಟ್ಟದೆ ಮರುಹುಟ್ಟು

ದೇವನಹಳ್ಳಿ ಹತ್ತಿರದ ಕುಂದಾಣದ ಕಡೆ ದ್ರಾಕ್ಷಿ ತೋಟ ಎಬ್ಬಿಸುವವರು ಬೀಜ ಹುಡುಕಿಕೊಂಡು ಹೋಗುವುದಿಲ್ಲ. ಚಪ್ಪರ ಸವರುವಾಗ ಕತ್ತರಿಸಿ ಬಿಸಾಕುವ ಕಡ್ಡಿಗಳಲ್ಲೇ ಬಲಿತು ಪೆನ್ಸಿಲ್ ದಪ್ಪ ಬಂದದ್ದನ್ನು ಆರಿಸುತ್ತಾರೆ. ಮೂರೋ ನಾಲ್ಕೋ ಗಣ್ಣು ಉಳಿಯುವಂತೆ ತುಂಡು ಮಾಡಿ, ತಲೆಕೆಳಗಾಗದಂತೆ ನೋಡಿಕೊಂಡು ಮಣ್ಣು ತುಂಬಿದ ಚೀಲಕ್ಕೆ ಊರುತ್ತಾರೆ. ಕೆಲವು ವಾರ ಕಳೆದರೆ ಮೇಲೆ ಚಿಗುರು, ಬುಡದಲ್ಲಿ ಬೇರು. ಬೆಂಗಳೂರು ನೀಲಿ ದ್ರಾಕ್ಷಿಯ ಎಕರೆಗಟ್ಟಲೆ ಚಪ್ಪರ ಹೀಗೆ ಕಡ್ಡಿಯಿಂದ ಕಡ್ಡಿಗೆ ದಾಟಿ ಬಂದದ್ದು. ದೇವನಹಳ್ಳಿ ಚಕ್ಕೋತಕ್ಕೆ ಗೂಟಿ ಕಟ್ಟುವವರು ನಂಬಿರುವುದೂ ಇದನ್ನೇ: ಕಾಂಡವಾಗಿ ಬಲಿತ ಕೋಶಕ್ಕೆ ಬೇರಾಗುವ ವಿದ್ಯೆ ಮರೆತುಹೋಗಿರುವುದಿಲ್ಲ.

ನಮ್ಮ ಮೈಗೆ ಆ ಭಾಗ್ಯವಿಲ್ಲ. ತುಂಡಾದ ಬೆರಳು ಚಿಗುರುವುದಿಲ್ಲ. ಸತ್ತ ನರಕೋಶದ ಜಾಗಕ್ಕೆ ಚರ್ಮದ ಕೋಶ ಬಂದು ಕೂರುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಎಲ್ಲರೂ ಒಂದೇ ಒಂದು ಕೋಶವಾಗಿಯೇ ಶುರುವಾಗುವುದು. ಮೊದಲ ಕೆಲವು ದಿನ ಒಡೆದು ಹೆಚ್ಚುವ ಕೋಶಗಳು ಏನು ಬೇಕಾದರೂ ಆಗಬಲ್ಲವು. ಸ್ಟೆಮ್ ಸೆಲ್, ಅಂದರೆ ಆಕರಕೋಶಗಳಲ್ಲಿ ಅತ್ಯಂತ ಸಮರ್ಥವಾದವು ಇವೇ. ಆಮೇಲೆ ಒಂದೊಂದು ಗುಂಪೂ ಒಂದೊಂದು ಕೆಲಸ ಹಿಡಿಯುತ್ತದೆ: ರಕ್ತ, ಮೂಳೆ, ಕಣ್ಣಿನ ಪರದೆ, ಪ್ಯಾಂಕ್ರಿಯಾಸ್. ಹಿಡಿದದ್ದನ್ನು ಬಿಟ್ಟು ಹಿಂದಕ್ಕೆ ಹೋಗುವುದು ಸಹಜವಾಗಿ ನಡೆಯುವ ಮಾತಲ್ಲ. ಆದರೂ ಒಬ್ಬ ಮನುಷ್ಯನ ಚರ್ಮದ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಯಾವ ಜೀನ್ ತೆರೆದಿದೆ, ಯಾವುದು ಮುಚ್ಚಿದೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಕೆಲವು ಕಡೆ ಬಿಗಿಯಾಗಿ, ಕೆಲವು ಕಡೆ ಸಡಿಲವಾಗಿ. ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪುಗಳು ಅಲ್ಲಲ್ಲಿ ಅಂಟಿಕೊಂಡು ಇಂತಿಂಥ ಜೀನ್ ಓದಬಾರದು ಎಂದು ತಡೆಯುತ್ತವೆ. ಹಾಗಾದರೆ ಅಕ್ಷರ ತಿದ್ದದೆ ಈ ತಡೆಗಳನ್ನಷ್ಟೇ ತೆಗೆದರೆ? ಎಪ್ಪತ್ತು ವರ್ಷದ ಅಜ್ಜಿಯ ಚರ್ಮದ ಕೋಶ ಮತ್ತೆ ಭ್ರೂಣದ ಸ್ಥಿತಿಗೆ ಮರಳೀತೇ?

ಮರಳುತ್ತದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಕಪ್ಪೆಯಿಂದ. ಇಂಗ್ಲೆಂಡಿನ ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ ಕೆಲಸ ಅದು. ಕಪ್ಪೆಮರಿಯ ಕರುಳಿನ ಕೋಶದಿಂದ ಡಿಎನ್‌ಎ ಇರುವ ಕೇಂದ್ರವನ್ನು ತೆಗೆದು, ಸ್ವಂತ ಕೇಂದ್ರವನ್ನು ನಾಶಮಾಡಿದ ಮೊಟ್ಟೆಯೊಳಗೆ ಕೂರಿಸಿದರು. ಕೆಲವು ಮೊಟ್ಟೆಗಳು ಕಪ್ಪೆಮರಿಗಳಾಗಿ ಬೆಳೆದವು. ಕರುಳಾಗಿ ದುಡಿಯುತ್ತಿದ್ದ ಕೇಂದ್ರಕ್ಕೆ ಕಪ್ಪೆಯನ್ನೇ ಕಟ್ಟುವುದು ಗೊತ್ತಿತ್ತು. ಈ ಹುಡುಗ ವಿಜ್ಞಾನಿಯಾಗುವ ಯೋಚನೆಯೇ ಹಾಸ್ಯಾಸ್ಪದ ಎಂದು ಶಾಲೆಯ ಮೇಷ್ಟ್ರು ಬರೆದಿದ್ದ ವರದಿಗೆ ಕಟ್ಟು ಹಾಕಿಸಿ ಗರ್ಡನ್ ತಮ್ಮ ಬಳಿ ಇಟ್ಟುಕೊಂಡಿದ್ದರು.

ಎರಡನೇ ದೊಡ್ಡ ಹೆಜ್ಜೆಗೆ ನಲವತ್ತನಾಲ್ಕು ವರ್ಷ ಹಿಡಿಯಿತು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕ ಮತ್ತು ಅವರ ಜೊತೆಗಾರ ಕಝುತೋಶಿ ತಾಕಾಹಾಶಿ ಭ್ರೂಣದ ಆಕರಕೋಶಗಳಿಗೆ ಮುಖ್ಯವೆನಿಸಿದ 24 ಜೀನುಗಳ ಪಟ್ಟಿ ಮಾಡಿಕೊಂಡರು. ಇಪ್ಪತ್ತನಾಲ್ಕನ್ನೂ ಒಟ್ಟಿಗೆ ಇಲಿಯ ಚರ್ಮದ ಕೋಶಕ್ಕೆ ಸೇರಿಸಿದಾಗ ಕೆಲವು ಕೋಶಗಳು ಹಿಂದಕ್ಕೆ ತಿರುಗಿದವು. ಆಮೇಲೆ ಒಂದೊಂದನ್ನೇ ಬಿಟ್ಟು ನೋಡುತ್ತ ಹೋದರು. ಕೊನೆಗೆ ಉಳಿದದ್ದು ನಾಲ್ಕು: ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್. 2006ರಲ್ಲಿ ಇಲಿ, 2007ರಲ್ಲಿ ಮನುಷ್ಯ. ಹೀಗೆ ಹುಟ್ಟಿದ ಕೋಶಕ್ಕೆ ಐಪಿಎಸ್ ಎಂದು ಹೆಸರಿಟ್ಟರು. ಮೊದಲ ಅಕ್ಷರವನ್ನು ಐಪಾಡಿನಂತೆ ಚಿಕ್ಕದಾಗಿ ಬರೆಯುವುದು ಯಮನಾಕರದೇ ಚೇಷ್ಟೆ. 2012ರ ನೊಬೆಲ್ ಗರ್ಡನ್ ಮತ್ತು ಯಮನಾಕ ಇಬ್ಬರಿಗೂ ಸಂದಿತು.

ಆದರೆ ಇದರಲ್ಲೊಂದು ಮುಳ್ಳಿತ್ತು. ನಾಲ್ಕು ಜೀನುಗಳನ್ನು ಒಳಗೆ ಹೊತ್ತೊಯ್ದದ್ದು ರೆಟ್ರೋವೈರಸ್. ಅದು ಹೋದ ಕೋಶದ ಡಿಎನ್‌ಎಯಲ್ಲೇ ಎಲ್ಲೆಂದರಲ್ಲಿ ತನ್ನ ಸರಕು ಹೊಲಿದುಬಿಡುತ್ತದೆ. ಮೇಲಾಗಿ ಸಿ-ಮಿಕ್ ಕ್ಯಾನ್ಸರ್ ತರುವ ಜೀನ್ ಎಂದೇ ಹೆಸರಾದದ್ದು. ಈ ಕೋಶಗಳಿಂದ ಬೆಳೆಸಿದ ಇಲಿಗಳಲ್ಲಿ ಸುಮಾರು ಐದರಲ್ಲೊಂದಕ್ಕೆ ಗೆಡ್ಡೆ ಕಾಣಿಸಿಕೊಂಡಿತು. ಇಂಥದ್ದನ್ನು ರೋಗಿಯ ಮೈಗೆ ಹಾಕಲು ಯಾವ ಡಾಕ್ಟರಿಗೆ ಧೈರ್ಯ ಬಂದೀತು?

ಹೀಗೆ ಜೀನೋಮಿಗೆ ಕೈಹಚ್ಚದ ದಾರಿಗಳ ಹುಡುಕಾಟ ಶುರುವಾಯಿತು. ಇಲ್ಲಿ ಎರಡು ಮಾತು ಬೇರೆ ಮಾಡಿಕೊಳ್ಳಬೇಕು. ಕೋಶದ ಡಿಎನ್‌ಎ ಬದಲಾಗದಂತೆ ನೋಡಿಕೊಳ್ಳುವುದು ಒಂದು. ಹೊರಗಿನ ಜೀನನ್ನು ಬಳಸದೇ ಇರುವುದು ಇನ್ನೊಂದು. ಮೊದಲನೆಯದು ಬೇಗ ಸಾಧ್ಯವಾಯಿತು. ಸೆಂಡಾಯ್ ಎಂಬ ವೈರಸ್ ಕೋಶದ ಕೇಂದ್ರಕ್ಕೆ ಕಾಲಿಡುವುದೇ ಇಲ್ಲ, ಕೋಶ ಒಡೆಯುತ್ತ ಹೋದಂತೆ ತೆಳುವಾಗಿ ಮಾಯವಾಗುತ್ತದೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳೂ ಹಾಗೆಯೇ ಬಂದು ಹೋಗುತ್ತವೆ. 2010ರಲ್ಲಿ ಅಮೆರಿಕದ ಡೆರಿಕ್ ರೋಸಿ ತಂಡ ಎಂಆರ್‌ಎನ್‌ಎ ಬಳಸಿ ಇದನ್ನು ಮಾಡಿ ತೋರಿಸಿತು. ಕೋವಿಡ್ ಲಸಿಕೆಯಿಂದ ಮನೆಮಾತಾದ ಮಾಡರ್ನಾ ಕಂಪನಿ ಹುಟ್ಟಿದ್ದು ಈ ಕೆಲಸದ ಬೆನ್ನಿಗೇ. ಇವತ್ತು ಲೋಕದ ಬಹುಪಾಲು ಲ್ಯಾಬುಗಳು ನಡೆಯುವುದು ಇಂಥ ದಾರಿಗಳಲ್ಲೇ. ಆದರೂ ಇವೆಲ್ಲ ಜೀನಿನ ಸಂದೇಶವನ್ನು ಒಂದಲ್ಲ ಒಂದು ರೂಪದಲ್ಲಿ ಒಳಗೆ ಕಳಿಸುವವೇ. ಜೀನೇ ಇಲ್ಲದೆ, ಬರೀ ಹೊರಗಿನ ಪ್ರಚೋದನೆಯಿಂದ ಕೋಶವನ್ನು ಹಿಂದಕ್ಕೆ ತಿರುಗಿಸಿಬಿಟ್ಟರೆ?

2014ರ ಜನವರಿ ಕೊನೆಯಲ್ಲಿ ಆ ಸುದ್ದಿ ಬಂದೇಬಿಟ್ಟಿತು. ಜಪಾನಿನ ರಿಕೆನ್ ಸಂಸ್ಥೆಯ ಹರುಕೊ ಒಬೊಕಾತಾ ಎಂಬ ಮೂವತ್ತರ ಹರೆಯದ ವಿಜ್ಞಾನಿ ನೇಚರ್ ಪತ್ರಿಕೆಯಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. ಒಂದು ವಾರದ ಇಲಿಮರಿಯ ಗುಲ್ಮದಿಂದ ತೆಗೆದ ಬಿಳಿ ರಕ್ತಕೋಶಗಳನ್ನು 5.7 ಪಿಎಚ್‌ನ ಸ್ವಲ್ಪ ಹುಳಿಯಾದ ದ್ರವದಲ್ಲಿ 25 ನಿಮಿಷ ಅದ್ದಿಟ್ಟರೆ ಸಾಕು, ಉಳಿದುಕೊಂಡ ಕೋಶಗಳು ಆಕರಕೋಶಗಳಾಗುತ್ತವೆ ಎಂದರು. ವೈರಸ್ ಬೇಡ, ಜೀನ್ ಬೇಡ, ಬರೀ ಹುಳಿನೀರು. ಅದಕ್ಕೆ ಸ್ಟ್ಯಾಪ್ ಎಂದು ಹೆಸರು. ಜಪಾನಿನ ಟೀವಿಗಳು ಆಕೆ ಕೋಟಿನ ಬದಲು ಅಜ್ಜಿ ಕೊಟ್ಟ ಅಡುಗೆಮನೆಯ ಮೇಲಂಗಿ ತೊಟ್ಟು ಕೆಲಸ ಮಾಡುವುದನ್ನು ತೋರಿಸಿದ್ದೇ ತೋರಿಸಿದ್ದು. ಕೆಲವು ವಾರವೂ ಆಗಲಿಲ್ಲ, ಪ್ರಬಂಧದ ಚಿತ್ರಗಳಲ್ಲಿ ಹುಳುಕು ಕಂಡಿತು. ಏಪ್ರಿಲ್ 1ರಂದು ರಿಕೆನ್ ತನಿಖೆ ಅಕ್ರಮ ನಡೆದಿದೆ ಎಂದಿತು. ಜುಲೈನಲ್ಲಿ ನೇಚರ್ ಎರಡೂ ಪ್ರಬಂಧ ಹಿಂತೆಗೆದುಕೊಂಡಿತು. ಆಗಸ್ಟ್ 5ರಂದು ಸಹಲೇಖಕ ಯೋಶಿಕಿ ಸಸಾಯ್ ಆತ್ಮಹತ್ಯೆ ಮಾಡಿಕೊಂಡರು. ಭ್ರೂಣದ ಕೋಶಗಳಿಂದ ಕಣ್ಣಿನ ಬಟ್ಟಲನ್ನೇ ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ಅಸಾಮಾನ್ಯ ಪ್ರತಿಭೆ ಅವರದು. ಅವರ ಮೇಲೆ ಅಕ್ರಮದ ಆರೋಪ ಸಾಬೀತಾಗಿರಲಿಲ್ಲ, ಮೇಲ್ವಿಚಾರಣೆ ಸಾಲದೆಂಬ ಟೀಕೆ ಇತ್ತು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹಸಿರು ಬೆಳಕಿನ ವಿಚಾರ. ಆಕ್ಟ್-4 ಜೀನ್ ಎಚ್ಚೆತ್ತರೆ ಹಸಿರಾಗಿ ಮಿನುಗುವಂತೆ ತಯಾರು ಮಾಡಿದ ಇಲಿಗಳ ಕೋಶಗಳನ್ನೇ ಆ ಪ್ರಯೋಗಕ್ಕೆ ಬಳಸಿದ್ದರು. ಹುಳಿಯಿಂದ ಎದ್ದ ಕೋಶಗಳು ಮಿನುಗಿದವು, ಸರಿ. ಆದರೆ ಸಾಯುವ ಕೋಶಗಳೂ ತಾವಾಗಿಯೇ ಒಂದು ಬಗೆಯ ಮಂಕು ಬೆಳಕು ಸೂಸುತ್ತವೆ. ಮರುಹುಟ್ಟಿನ ಹಸಿರಿಗೂ ಸಾವಿನ ಹಸಿರಿಗೂ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವರು ವ್ಯತ್ಯಾಸ ಮಾಡಲೇಬೇಕು. 2015ರಲ್ಲಿ ಏಳು ತಂಡಗಳು 133 ಬಾರಿ ಮಾಡಿ ನೋಡಿದವು. ಒಂದು ಸಲವೂ ಆಗಲಿಲ್ಲ. ಉಳಿದಿದ್ದ ಸ್ಟ್ಯಾಪ್ ಕೋಶಗಳ ಡಿಎನ್‌ಎ ಓದಿದಾಗ ಅವು ಮೊದಲಿನಿಂದಲೂ ಲ್ಯಾಬಿನಲ್ಲಿದ್ದ ಭ್ರೂಣದ ಆಕರಕೋಶಗಳೇ ಎಂದು ತಿಳಿಯಿತು.

ಇದರ ಗದ್ದಲದಲ್ಲಿ ಅರ್ಧ ವರ್ಷ ಮೊದಲೇ ಬಂದಿದ್ದ ನಿಜವಾದ ಸುದ್ದಿ ಮುಚ್ಚಿಹೋಯಿತು. 2013ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಡೆಂಗ್ ಹೊಂಗ್‌ಕುಯಿ ತಂಡ ಏಳು ರಾಸಾಯನಿಕಗಳನ್ನಷ್ಟೇ ಬಳಸಿ ಇಲಿಯ ಕೋಶಗಳನ್ನು ಹಿಂದಕ್ಕೆ ತಿರುಗಿಸಿತ್ತು. ಅಷ್ಟಕ್ಕೆ ಜಾಲಾಡಿದ್ದು ಸುಮಾರು 10,000 ರಾಸಾಯನಿಕಗಳನ್ನು. ಸಾವಿರ ಕೋಶಕ್ಕೆ ಹೆಚ್ಚೆಂದರೆ ಎರಡು ಕೈಗೆ ಸಿಗುತ್ತಿದ್ದವು. ಆದರೂ ಅದು ಬೇರೆಯವರ ಕೈಯಲ್ಲೂ ಆಯಿತು.

ಆ ಏಳರ ಪಟ್ಟಿ ನೋಡಿದರೆ ಎರಡು ಹೆಸರು ಮೆಡಿಕಲ್ ಶಾಪಿನವರಿಗೂ ಪರಿಚಯ. ವಾಲ್‌ಪ್ರೊಯಿಕ್ ಆಸಿಡ್ ಮೂರ್ಛೆರೋಗಕ್ಕೆ ದಿನಾ ಕೊಡುವ ಔಷಧಿ. ಅದು ಹಿಸ್ಟೋನುಗಳ ಬಿಗಿತ ಸಡಿಲಿಸುತ್ತದೆ. ಟ್ರಾನಿಲ್‌ಸಿಪ್ರೊಮೈನ್ ಖಿನ್ನತೆಗೆ ಕೊಡುತ್ತಿದ್ದ ಹಳೆಯ ಮಾತ್ರೆ. ಇವೆರಡಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ಫೋರ್ಸ್ಕೊಲಿನ್. ಅದು ಬರುವುದು ಮಾಕಂದಿ ಬೇರಿನಿಂದ. ನಮ್ಮ ಹಿತ್ತಲ ದೊಡ್ಡಪತ್ರೆಯ ಹತ್ತಿರದ ನೆಂಟ ಈ ಗಿಡ. ಅದೇ ಥರದ ಕಾರವಾದ ವಾಸನೆ, ನೇರಳೆ ಹೂಗೊಂಚಲು, ಬುಡದಲ್ಲಿ ಬೆರಳು ದಪ್ಪದ ಗೆಡ್ಡೆಬೇರುಗಳ ಗೊಂಚಲು. ಬೇರಿಗೆ ಉಪ್ಪಿನಕಾಯಿ ಹಾಕುವ ರೂಢಿಯೂ ಉಂಟು. ಕರ್ನಾಟಕ, ತಮಿಳುನಾಡುಗಳಲ್ಲಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆದು ಒಣಗಿಸಿ ಮಾರುತ್ತಾರೆ. 1970ರ ದಶಕದಲ್ಲಿ ಮುಂಬೈಯ ಹೋಕ್ಸ್ಟ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರಕ್ತದೊತ್ತಡಕ್ಕೆ ಔಷಧಿ ಹುಡುಕುತ್ತ ನಾಟಿ ಗಿಡಗಳನ್ನು ಜಾಲಾಡುವಾಗ ಇದರ ಬೇರಿನಲ್ಲಿ ಫೋರ್ಸ್ಕೊಲಿನ್ ಕಂಡುಕೊಂಡರು. ಅದು ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕದ ಮಟ್ಟ ಏರಿಸುತ್ತದೆ. ಅಲ್ಲಿಂದಾಚೆಗೆ ಜೀವರಸಾಯನದ ಲ್ಯಾಬುಗಳಲ್ಲಿ ಅದೊಂದು ನಿತ್ಯದ ಸಾಮಾನು. ಡೆಂಗ್ ತಂಡ ಹುಡುಕುತ್ತಿದ್ದದ್ದು ಆಕ್ಟ್-4 ಜೀನಿನ ಬದಲಿಗೆ ನಿಲ್ಲಬಲ್ಲ ರಾಸಾಯನಿಕವನ್ನು. ನಾಲ್ಕು ಜೀನುಗಳಲ್ಲಿ ಅತಿ ಮುಖ್ಯವಾದದ್ದು, ಕೈಬಿಡಲು ಯಾರಿಂದಲೂ ಆಗದೇ ಇದ್ದದ್ದು ಅದೇ. ಆ ಜಾಗಕ್ಕೆ ಸಿಕ್ಕ ರಾಸಾಯನಿಕಗಳಲ್ಲಿ ಮಾಕಂದಿ ಬೇರಿನ ಸತ್ವವೂ ಒಂದು. (ಇದನ್ನು ಓದಿ ವಾಟ್ಸ್ಯಾಪಿನಲ್ಲಿ ಬೇರಿನ ಕಷಾಯ ಹಂಚುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕುಡಿದರೆ ಆಕರಕೋಶ ಹುಟ್ಟುವುದಿಲ್ಲ, ಬಿಪಿ ಇಳಿದು ತಲೆ ತಿರುಗೀತು.)

ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಆಗಲು ಮತ್ತೆ ಒಂಬತ್ತು ವರ್ಷ ಬೇಕಾಯಿತು. ನಮ್ಮ ಬಲಿತ ಕೋಶಗಳು ಇಲಿಯವಕ್ಕಿಂತ ಹಟಮಾರಿ. ಅದೇ ತಂಡ 2022ರ ಏಪ್ರಿಲ್‌ನಲ್ಲಿ ನೇಚರ್‌ನಲ್ಲಿ ಬರೆದ ಪ್ರಕಾರ ದಾರಿ ಒಂದೇ ನೆಗೆತದ್ದಲ್ಲ, ಹಂತಹಂತದ್ದು. ಪ್ರತಿ ಹಂತಕ್ಕೂ ಔಷಧಿಯ ಮಿಶ್ರಣ ಬೇರೆ. ನಡುವೆ ಕೋಶ ಒಂದು ವಿಚಿತ್ರ ಸ್ಥಿತಿಗೆ ಬರುತ್ತದೆ: ಆಕ್ಸೊಲಾಟಲ್ ಎಂಬ ಮೆಕ್ಸಿಕೋದ ಜಲಜೀವಿ ಕತ್ತರಿಸಿದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವಾಗ ಅದರ ಕೋಶಗಳಲ್ಲಿ ತೆರೆದುಕೊಳ್ಳುವಂಥ ಜೀನುಗಳೇ ಇಲ್ಲೂ ತೆರೆದುಕೊಳ್ಳುತ್ತವೆ. ಅಡ್ಡಗಟ್ಟೆಯಾಗಿದ್ದದ್ದು ಉರಿಯೂತಕ್ಕೆ ಸಂಬಂಧಿಸಿದ ಜೆಎನ್‌ಕೆ ಎಂಬ ಸಂದೇಶಮಾರ್ಗ. ಅದನ್ನು ತಡೆದಾಗ ಮಾತ್ರ ಕೋಶ ಮೆತ್ತಗಾಗುತ್ತಿತ್ತು. ಬಾಲ ಚಿಗುರಿಸುವ ಜೀವಿಗಳಿಂದ ನಾವು ಬಹಳ ಹಿಂದೆಯೇ ದೂರ ಸರಿದಿದ್ದರೂ ಆ ಹಳೆಯ ಕಾರ್ಯಕ್ರಮದ ಅವಶೇಷ ನಮ್ಮಲ್ಲೂ ಇದೆ ಎನ್ನುವಂತಿದೆ. ಈ ಇಡೀ ಕಥೆಯಲ್ಲಿ ಬೆರಗು ಹುಟ್ಟಿಸುವ ಭಾಗ ನನ್ನ ಪ್ರಕಾರ ಇದೇ, ಮುಂದೆ ಬಂದ ಚಿಕಿತ್ಸೆಗಿಂತಲೂ.

ಚಿಕಿತ್ಸೆಯ ಮಾತಿಗೆ ಬಂದರೆ, 2023ರ ಜೂನ್‌ನಲ್ಲಿ ಚೀನಾದ ತಿಯಾಂಜಿನ್‌ನಲ್ಲಿ ಟೈಪ್-1 ಸಕ್ಕರೆ ಕಾಯಿಲೆಯ 25 ವರ್ಷದ ಹೆಣ್ಣುಮಗಳೊಬ್ಬಳಿಗೆ ಇಂಥ ಕೋಶಗಳನ್ನು ಕೊಟ್ಟರು. ಅವಳದೇ ಕೊಬ್ಬಿನ ಕೋಶಗಳನ್ನು ರಾಸಾಯನಿಕದಿಂದ ಹಿಂದಕ್ಕೆ ತಿರುಗಿಸಿ, ಅಲ್ಲಿಂದ ಇನ್ಸುಲಿನ್ ಸುರಿಸುವ ಐಲೆಟ್ ಗುಚ್ಛಗಳನ್ನು ಬೆಳೆಸಿ, ಹೊಟ್ಟೆಯ ಸ್ನಾಯುವಿನ ಪದರದಡಿ ಚುಚ್ಚಿದರು. 75 ದಿನಕ್ಕೆ ಅವಳಿಗೆ ಇನ್ಸುಲಿನ್ ಇಂಜೆಕ್ಷನ್ ಬೇಡವಾಯಿತು. ವರ್ಷ ಕಳೆದರೂ ಹಾಗೇ ಇತ್ತು ಎಂದು 2024ರ ವರದಿ ಹೇಳಿತು. ನಮ್ಮ ಪತ್ರಿಕೆಗಳಲ್ಲಿ 'ಸಕ್ಕರೆ ಕಾಯಿಲೆ ಗುಣ' ಎಂಬ ತಲೆಬರಹ ಬಂತು. ಆದರೆ ಆಕೆಗೆ ಮೊದಲೇ ಲಿವರ್ ಕಸಿಯಾಗಿತ್ತು, ಅದಕ್ಕಾಗಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ನಿತ್ಯ ನುಂಗುತ್ತಿದ್ದಳು. ಟೈಪ್-1 ಎಂದರೆ ಮೈಯೇ ತನ್ನ ಐಲೆಟ್‌ಗಳನ್ನು ಕೊಲ್ಲುವ ಕಾಯಿಲೆ. ಆ ಮಾತ್ರೆ ಇಲ್ಲದ ರೋಗಿಯಲ್ಲಿ ಹೊಸ ಐಲೆಟ್‌ಗಳು ಬಾಳುತ್ತವೆಯೇ ಎಂಬ ಪ್ರಶ್ನೆಗೆ ಈ ಒಬ್ಬಳಿಂದ ಉತ್ತರ ಸಿಗುವುದಿಲ್ಲ. ಮೇಲಾಗಿ ಇದು ವಯಸ್ಸಾದವರನ್ನು ಕಾಡುವ ಟೈಪ್-2 ಅಲ್ಲ.

ಜೀನ್ ತಿದ್ದಲಿಲ್ಲ ಎಂದರೆ ಜೀನ್ ಕೆಡಲಿಲ್ಲ ಎಂದೂ ಅರ್ಥವಲ್ಲ. ಕೋಶ ಒಡೆಯುವಾಗೆಲ್ಲ ನಕಲಿನ ತಪ್ಪು ನುಸುಳಬಹುದು, ತಟ್ಟೆಯಲ್ಲಿ ತಿಂಗಳುಗಟ್ಟಲೆ ಬೆಳೆಸಿದರೆ ಇನ್ನೂ ಹೆಚ್ಚು. 2014ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಕಣ್ಣಿನ ವೈದ್ಯೆ ಮಸಾಯೊ ತಾಕಾಹಾಶಿ ಲೋಕದಲ್ಲೇ ಮೊದಲ ಬಾರಿಗೆ ಐಪಿಎಸ್ ಕೋಶದಿಂದ ಬೆಳೆಸಿದ ಪದರವನ್ನು ಎಪ್ಪತ್ತು ದಾಟಿದ ಮಹಿಳೆಯ ಕಣ್ಣಿನಲ್ಲಿ ಕೂರಿಸಿದರು. ಎರಡನೇ ರೋಗಿಯ ಕೋಶಗಳಲ್ಲಿ ಡಿಎನ್‌ಎ ಬದಲಾವಣೆ ಕಂಡದ್ದೇ ಪ್ರಯೋಗ ನಿಲ್ಲಿಸಿದರು. ಇನ್ನೊಂದು ಅಪಾಯವೂ ಇದೆ: ಪೂರ್ತಿ ಪಳಗದ ಆಕರಕೋಶ ಮೈಯೊಳಗೆ ಉಳಿದರೆ ಟೆರಟೋಮಾ ಎಂಬ ಗೆಡ್ಡೆ ಕಟ್ಟುತ್ತದೆ. ಅದರಲ್ಲಿ ಕೂದಲು, ಹಲ್ಲಿನ ಚೂರುಗಳೂ ಇರಬಹುದು.

ಕೃಷಿ ಮೇಳಕ್ಕೆಂದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಗೆ ಹೋಗುವ ಕುಂದಾಣದ ರೈತರು ಹಾದುಹೋಗುವ ದಾರಿಯಲ್ಲೇ ಈ ಲೋಕದ ನಮ್ಮ ಪಾಲು ಇದೆ. ದೇವನಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕ ದಾಟಿದರೆ ಎಡಕ್ಕೆ ಜಕ್ಕೂರು. ಅಲ್ಲಿಯ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಅವರ ತಂಡ ಪ್ರನಾಳ ಚಿಕಿತ್ಸೆಯಲ್ಲಿ ಬಳಕೆಗೆ ಬಾರದೆಂದು ಬಿಟ್ಟ ಮೂರನೇ ದರ್ಜೆಯ ಭ್ರೂಣಗಳಿಂದ ಎರಡು ಆಕರಕೋಶ ಸಾಲುಗಳನ್ನು ಬೆಳೆಸಿ 2009ರಲ್ಲಿ ವರದಿ ಮಾಡಿತು. ಅವು ಒಂದೇ ತಂದೆತಾಯಿಯ, ಅಂದರೆ ಒಡಹುಟ್ಟಿದ ಸಾಲುಗಳು. ಬಲಕ್ಕೆ ಜಿಕೆವಿಕೆ ಆವರಣ. ಅದರೊಳಗೆ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್, ಅದರ ಪಕ್ಕ 2009ರಲ್ಲಿ ಶುರುವಾದ ಆಕರಕೋಶ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್. ಮುಂದೆ ಇನಾಮ್‌ದಾರ್ ಅವರೇ ಇನ್‌ಸ್ಟೆಮ್‌ನ ನಿರ್ದೇಶಕರಾದರು. ನಿಮ್ಹಾನ್ಸ್ ಜೊತೆ ಸೇರಿ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ನಡೆಸಿರುವ ಅಧ್ಯಯನ ನನಗೆ ತಿಯಾಂಜಿನ್ ಸುದ್ದಿಗಿಂತ ನಮ್ಮ ಜನಕ್ಕೆ ಹತ್ತಿರದ್ದಾಗಿ ಕಾಣುತ್ತದೆ. ಒಂದೇ ಮನೆಯಲ್ಲಿ ಹಲವರಿಗೆ ಸ್ಕಿಜೋಫ್ರೀನಿಯಾ, ಬೈಪೋಲಾರ್, ಗೀಳು ಕಾಯಿಲೆ, ಕುಡಿತದ ಚಟ ಅಥವಾ ಮರೆವಿನ ರೋಗ ಇರುವ ಕುಟುಂಬಗಳನ್ನು ಅವರು ವರ್ಷಗಟ್ಟಲೆ ಹಿಂಬಾಲಿಸುತ್ತಾರೆ. ಅವರ ರಕ್ತದಿಂದ ಐಪಿಎಸ್ ಕೋಶ, ಅದರಿಂದ ನರಕೋಶ. ಬದುಕಿರುವವರ ಮಿದುಳನ್ನು ತೆರೆದು ನೋಡಲಾಗದು. ಅಣ್ಣನಿಗೆ ಬಂದ ಕಾಯಿಲೆ ತಂಗಿಗೆ ಏಕೆ ಬರಲಿಲ್ಲ ಎಂಬುದನ್ನು ಇಬ್ಬರ ನರಕೋಶಗಳನ್ನೂ ಅಕ್ಕಪಕ್ಕದ ತಟ್ಟೆಯಲ್ಲಿಟ್ಟು ನೋಡಬಹುದು. ಇಲ್ಲಿ ಕೋಶ ಯಾರ ಮೈಗೂ ಹೋಗುವುದಿಲ್ಲ, ಆದ್ದರಿಂದ ಗೆಡ್ಡೆಯ ಭಯವೂ ಇಲ್ಲ.

ಮೈಗೆ ಹೋಗುವ ಕೋಶದ ಪ್ರಯತ್ನವೂ ಅದೇ ಆವರಣದಲ್ಲಿ ಮೊಳೆತಿದೆ. ಅಲ್ಲಿಯ ಸಿ-ಕ್ಯಾಂಪ್ ಎಂಬ ಉದ್ಯಮಪೋಷಕ ಕೇಂದ್ರದಲ್ಲಿ ಬೆಳೆದ ಐಸ್ಟೆಮ್ ಕಂಪನಿ, ಐಪಿಎಸ್ ಕೋಶಗಳಿಂದ ಕಣ್ಣಿನ ಹಿಂಪರದೆಯ ವರ್ಣಕೋಶಗಳನ್ನು ತಯಾರಿಸಿದೆ. ವಯಸ್ಸಾದಂತೆ ದೃಷ್ಟಿಯ ನಡುಭಾಗ ಮಸುಕಾಗುವ ಕಾಯಿಲೆಗೆ ಇದು. 2024ರಲ್ಲಿ ಮೊದಲ ಹಂತದ ಪ್ರಯೋಗಕ್ಕೆ ಅನುಮತಿ ಸಿಕ್ಕಿತು. ಮೊದಲ ಹಂತವೆಂದರೆ ಮುಖ್ಯವಾಗಿ ಅಪಾಯ ಇದೆಯೋ ಇಲ್ಲವೋ ಎಂದು ನೋಡುವುದು. ಕಣ್ಣು ಬಂತೇ ಎಂಬ ಪ್ರಶ್ನೆ ಆಮೇಲಿನದು.

ಕುಂದಾಣ ಈಗ ವಿಮಾನ ನಿಲ್ದಾಣದ ಬಗಲಿನ ಊರು. ಜಮೀನಿಗೆ ಬೆಲೆ ಬಂದಿದೆ, ಬೆಲೆ ಬಂದ ಕಡೆ ದುಬಾರಿ ಚಿಕಿತ್ಸೆಯ ಜಾಹೀರಾತೂ ಬರುತ್ತದೆ. "ಅಲ್ಲಣ್ಣಾ, ಸ್ಟೆಮ್ ಸೆಲ್ ಹಾಕ್ಸಿದ್ರೆ ಮಂಡಿ ಹೊಸ್ದಾಗ್ತದಂತಲ್ಲ, ನಿಜಾನಾ?" ಎಂದು ವಿಜ್ಞಾನ ಬರೆಯುವವನನ್ನು ಕಂಡರೆ ಕೇಳುವವರು ಕಡಿಮೆಯಿಲ್ಲ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಬೆಂಗಳೂರಿನದೇ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಕೋಶಗಳಿಗೆ ಮಂಡಿಸವೆತದ ನಡುಹಂತದ ರೋಗಿಗಳಿಗಾಗಿ 2022ರಲ್ಲಿ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಹಿಂದಕ್ಕೆ ತಿರುಗಿಸಿದ ಕೋಶವಲ್ಲ, ಹೊಸ ಮಂಡಿಯನ್ನು ಬೆಳೆಸುವುದೂ ಇಲ್ಲ. ರಕ್ತದ ಕಾಯಿಲೆಗಳಿಗೆ ಮೂಳೆಮಜ್ಜೆ ಕಸಿ ದಶಕಗಳಿಂದ ನಡೆದು ಬಂದದ್ದು. ಇಂಥ ಒಪ್ಪಿಗೆ ಪಡೆದವುಗಳ ಹೊರಗೆ, ಮಕ್ಕಳ ಆಟಿಸಂನಿಂದ ಹಿಡಿದು ಬೆನ್ನುಹುರಿಯ ಪೆಟ್ಟಿನವರೆಗೆ ಎಲ್ಲಕ್ಕೂ ಒಂದೇ ಸೂಜಿ ತೋರಿಸಿ ಲಕ್ಷಗಟ್ಟಲೆ ಎಣಿಸಿಕೊಳ್ಳುವ ಕ್ಲಿನಿಕ್ಕುಗಳದು ಬೇರೆಯೇ ವ್ಯಾಪಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಅನುಮತಿ ಪಡೆದ ಪ್ರಯೋಗದ ಹೊರಗೆ ರೋಗಿಗಳಿಗೆ ಆಕರಕೋಶ ಕೊಡುವುದು ಅನೈತಿಕ ಎಂದು ನೇರವಾಗಿಯೇ ಹೇಳಿದೆ.

ಇನ್ನು ಜೀನ್ ಮುಟ್ಟದೆ ರಾಸಾಯನಿಕದಿಂದಲೇ ಹಿಂದಕ್ಕೆ ತಿರುಗಿಸಿದ ಕೋಶದ ಚಿಕಿತ್ಸೆ ಎಂದು ಯಾರಾದರೂ ಇವತ್ತು ಇಲ್ಲಿ ದರಪಟ್ಟಿ ಹಿಡಿದು ಕೂತರೆ ನಂಬಲು ಕಾರಣವೇ ಇಲ್ಲ. ಪ್ರಯೋಗ ನಿಜವಾದದ್ದಾದರೆ ಅದಕ್ಕೆ ಸೇರುವ ರೋಗಿ ಆ ಕೋಶಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪ್ರಯೋಗದಿಂದಲೇ ತೊಂದರೆಯಾದರೆ ಪರಿಹಾರವನ್ನು ಅದನ್ನು ನಡೆಸುವವರೇ ಕೊಡಬೇಕು. ದೇಶದಲ್ಲಿ ನಡೆಯುವ ಪ್ರತಿ ಚಿಕಿತ್ಸಾ ಪ್ರಯೋಗವೂ 2009ರಿಂದ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಲೇಬೇಕು. ಆ ಪಟ್ಟಿ ಅಂತರ್ಜಾಲದಲ್ಲಿದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಕ್ಲಿನಿಕ್ಕಿನವರು ಬಾಯಿತುಂಬ ಮಾತಾಡುವಾಗ ನಡುವೆ ಆ ನೋಂದಣಿ ಸಂಖ್ಯೆ ಕೇಳಿ. ಕೊಟ್ಟರೆ, ಕಾಯಿಲೆಯ ಹೆಸರು, ಆಸ್ಪತ್ರೆಯ ಹೆಸರು, ಎಷ್ಟು ಜನ ರೋಗಿಗಳು ಎಂಬುದನ್ನು ಮನೆಯಲ್ಲಿ ಕಾಲೇಜು ಓದುವ ಮಕ್ಕಳ ಕೈಯಲ್ಲಿ ಮೊಬೈಲಿನಲ್ಲೇ ತೆಗೆಸಿ ಓದಿಸಿಕೊಳ್ಳಿ, ಅಡ್ವಾನ್ಸ್ ಕಟ್ಟುವ ಮುಂಚೆ.